ಅಡ್ರೆಸ್ ಬದಲಿಸುತ್ತಿದ್ದ ಕ್ಯಾಮೆರಾ

ಗೇಟಿನ ಮೇಲೆ ಕ್ಯಾಮೆರಾ ಹಾಕಿದ ಮೂರನೇ ದಿನಕ್ಕೇ ಕಂಪ್ಯೂಟರ್‌ನಲ್ಲಿ ಚಿತ್ರ ಬರುವುದು ನಿಂತಿತು. ಏಣಿ ಹತ್ತಿ ನೋಡಿದೆ. ಕೇಬಲ್ ಸರಿ ಇತ್ತು, ಲೈಟ್ ಮಿನುಗುತ್ತಿತ್ತು. ಇನ್ನೇನು ಬಿಚ್ಚಿ ಡಬ್ಬಕ್ಕೆ ತುಂಬಿ ವಾಪಸ್ ಕಳಿಸುವುದರಲ್ಲಿದ್ದೆ. ಸುಮ್ನೆ ಒಮ್ಮೆ ರೂಟರ್‌ನ ಪೇಜ್ ತೆರೆದು, ಯಾವ ಯಾವ ಸಾಧನ ಕನೆಕ್ಟ್ ಆಗಿದೆ ಅಂತ ನೋಡಿದರೆ ಕ್ಯಾಮೆರಾ ಅಲ್ಲೇ ಇದೆ! ನೆಟ್‌ವರ್ಕಿನಲ್ಲಿ ಅದರ ಅಡ್ರೆಸ್ 192.168.1.23 ಇದ್ದದ್ದು 192.168.1.31 ಆಗಿದೆ, ಅಷ್ಟೇ. ಹಿಂದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತು. ರೂಟರ್ ಮತ್ತೆ ಆನ್ ಆದಾಗ ಎಲ್ಲದಕ್ಕೂ ಹೊಸದಾಗಿ ಅಡ್ರೆಸ್ ಹಂಚಿತ್ತು. ನಾನು ಹಳೇ ಮನೆಯ ಬಾಗಿಲು ತಟ್ಟುತ್ತಾ ಕೂತಿದ್ದೆ.

ಹಾಗಾದರೆ ಕ್ಯಾಮೆರಾದೊಳಗೇ ಅಡ್ರೆಸ್ ಬರೆದುಬಿಡೋಣ ಅಂದುಕೊಂಡೆ. ರೂಟರ್‌ನಿಂದ ತಾನಾಗೇ ಅಡ್ರೆಸ್ ಪಡೆಯುವ ಡಿಎಚ್‌ಸಿಪಿ ಆಫ್ ಮಾಡಿ 192.168.1.50 ಕೊಟ್ಟೆ. ಯಾವ ಅಡ್ರೆಸ್‌ಗಳು ಮನೆಯೊಳಗಿನವು ಅಂತ ತಿಳಿಸುವ ಸಬ್‌ನೆಟ್ ಮಾಸ್ಕ್ 255.255.255.0. ಇಂಟರ್ನೆಟ್ಟಿಗೆ ಹೋಗುವ ದಾರಿಯಾದ ಗೇಟ್‌ವೇ, ಹೆಸರಿನಿಂದ ಅಡ್ರೆಸ್ ಹುಡುಕಿಕೊಡುವ ಡಿಎನ್‌ಎಸ್ ಎರಡನ್ನೂ ಖಾಲಿ ಬಿಟ್ಟೆ. ಮನೆಯೊಳಗೇ ನೋಡೋದಕ್ಕೆ ಅವೆಲ್ಲ ಯಾಕೆ, ಅಲ್ವಾ? ಚಿತ್ರವೇನೋ ಬಂತು. ಆದರೆ ಮತ್ತೊಂದು ಸಲ ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ರೆಕಾರ್ಡಿಂಗ್ ಮೇಲೆ 1970ರ ಜನವರಿ 1 ಅಂತ ತಾರೀಖು! ಕ್ಯಾಮೆರಾ ಹೊರಗಿನ ಎನ್‌ಟಿಪಿ ಸರ್ವರನ್ನು ಕೇಳಿ ಟೈಮ್ ಸರಿ ಮಾಡಿಕೊಳ್ಳುತ್ತದೆ. ಆ ಸರ್ವರ್‌ನ ಅಡ್ರೆಸ್ ಹುಡುಕಲು ಡಿಎನ್‌ಎಸ್ ಬೇಕು, ಅಲ್ಲಿಗೆ ಹೋಗಲು ಗೇಟ್‌ವೇ ಬೇಕು. ಎರಡೂ ಕಡೆ ರೂಟರ್‌ನ 192.168.1.1 ತುಂಬಿದೆ. ತಾರೀಖು ಸರಿಹೋಯಿತು.

ನಿಜವಾಗಿ ತಲೆ ತಿಂದದ್ದು ಮುಂದಿನದು. ಹಗಲೆಲ್ಲ ಸರಿಯಾಗಿರುವ ಚಿತ್ರ ಸಂಜೆಯಾದರೆ ಬಂದು ಬಂದು ಹೋಗುತ್ತಿತ್ತು. ಕೇಬಲ್ ಬದಲಿಸಿದೆ. ಕೇಬಲ್‌ಗಳು ಸೇರುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಬೇರೆ ಪೋರ್ಟಿಗೆ ಹಾಕಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನೋಡಿದರೆ, ರೂಟರ್ ಕೊನೆಯ ಸಂಖ್ಯೆ 2ರಿಂದ 254ರವರೆಗಿನ ಎಲ್ಲ ಅಡ್ರೆಸ್‌ಗಳನ್ನೂ ಹಂಚುವುದಕ್ಕೆ ಇಟ್ಟುಕೊಂಡಿತ್ತು. 50ನ್ನು ನಾನು ಕ್ಯಾಮೆರಾಗೆ ಕೊಟ್ಟಿದ್ದು ಅದಕ್ಕೆ ಗೊತ್ತೇ ಇಲ್ಲ. ಸಂಜೆ ಮನೆಗೆ ಬಂದ ಒಂದು ಫೋನಿಗೂ ಅದನ್ನೇ ಕೊಡುತ್ತಿತ್ತು. ಒಂದೇ ಕುರ್ಚಿಗೆ ಇಬ್ಬರು!

ಆಮೇಲೆ ಕ್ಯಾಮೆರಾವನ್ನು ಮತ್ತೆ ಡಿಎಚ್‌ಸಿಪಿಗೇ ಬಿಟ್ಟೆ. ಅದರ ಬೆನ್ನ ಮೇಲಿನ ಸ್ಟಿಕ್ಕರ್‌ನಲ್ಲಿದ್ದ ಮ್ಯಾಕ್ ಅಡ್ರೆಸ್ (ಸಾಧನಕ್ಕೆ ಕಂಪನಿಯವರು ಕೊಟ್ಟ ಗುರುತಿನ ಸಂಖ್ಯೆ) ನೋಡಿಕೊಂಡು, ರೂಟರ್‌ನಲ್ಲಿ 50ನ್ನು ಅದರ ಹೆಸರಿಗೆ ರಿಸರ್ವ್ ಮಾಡಿದೆ. ಗೇಟ್‌ವೇ, ಡಿಎನ್‌ಎಸ್ ತಾವಾಗೇ ಬಂದವು. ಮೊದಲೇ ಹೀಗೆ ಮಾಡಿದ್ದರೆ ಏಣಿಯ ಕೆಲಸವೇ ಇರುತ್ತಿರಲಿಲ್ಲ.

ಹೊರಗಿನಿಂದ ನೋಡಲು ರೂಟರ್‌ನಲ್ಲಿ 554 ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ನಂಬರಿನ ಬಾಗಿಲು) ತೆರೆಯಿರಿ ಅಂತ ಒಬ್ಬರು ಹೇಳಿದರು. ಚಿತ್ರ ಕಳಿಸುವ ಆರ್‌ಟಿಎಸ್‌ಪಿ ಓಡುವುದು ಅದರಲ್ಲೇ. ನಾನು ಒಪ್ಪಲಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಂಪನಿಯವರು ಇಟ್ಟ ಪಾಸ್‌ವರ್ಡ್‌ಗಳನ್ನೇ ಬಳಸಿ. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿದ್ದೆ, ನಿಜ. ಆದರೂ ಒಳಗಿನ ಸಾಫ್ಟ್‌ವೇರ್‌ನಲ್ಲಿ ಎಲ್ಲಿ ತೂತಿದೆಯೋ ಯಾರಿಗೆ ಗೊತ್ತು? ಕೇಳದೇ ಪೋರ್ಟ್ ತೆರೆಯುವ ಯುಪಿಎನ್‌ಪಿಯನ್ನೂ ಆಫ್ ಮಾಡಿ, ರೂಟರ್‌ನಲ್ಲೇ ಇದ್ದ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಸೇರುವ ಖಾಸಗಿ ದಾರಿ) ಆನ್ ಮಾಡಿದೆ. ಹೊರಗಿದ್ದಾಗ ಫೋನಿನಲ್ಲಿ ವಿಪಿಎನ್ ಹಾಕಿಕೊಂಡರೆ ಅದೇ 192.168.1.50 ತೆರೆಯುತ್ತದೆ.

ಮೊದಮೊದಲು ಚಿತ್ರ ತಡವರಿಸುತ್ತಿತ್ತು. ಮುಖ್ಯ ಸ್ಟ್ರೀಮ್‌ಗೆ 4 ಎಂಬಿಪಿಎಸ್ ಇತ್ತು, ನಮ್ಮ ಅಪ್‌ಲೋಡ್‌ಗೆ ಅದು ಜಾಸ್ತಿಯಾಯಿತು. ಫೋನಿಗೆ ಕಡಿಮೆ ಡೇಟಾ ಸಾಕಾಗುವ ಸಬ್ ಸ್ಟ್ರೀಮ್ ಆರಿಸಿ 512 ಕೆಬಿಪಿಎಸ್‌ಗೆ ಇಳಿಸಿದೆ. ಗೇಟಿನ ಹತ್ತಿರ ನಿಂತಿರುವವರು ಯಾರು ಅಂತ ತಿಳಿಯಲು ಅಷ್ಟು ಸಾಕು.