ಸೋಮವಾರಪೇಟೆಯ ಗುಡ್ಡದಿಂದ ಶ್ರೀಹರಿಕೋಟಾದ ರಾಕೆಟ್

500 ಕಿಲೋಮೀಟರ್ ಆಚೆ ಹಾರಿದ ರಾಕೆಟ್ ಕೊಡಗಿನಿಂದ ಕಾಣುತ್ತೆ. ನಾನು ಹೀಗಂದಾಗ ತೋಟದ ಲೆಕ್ಕ ಬರೆಯುವ ರೈಟರ್‌ನಿಂದ ಹಿಡಿದು ನಕ್ಷತ್ರ ನೋಡುವ ಗೆಳೆಯರವರೆಗೆ ಎಲ್ಲರೂ ನಕ್ಕಿದ್ದರು. 2024ರ ಡಿಸೆಂಬರ್ 30ರ ರಾತ್ರಿ ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲೇ ಜೋಡಿಸುವ ಸ್ಪೇಡೆಕ್ಸ್ ಪ್ರಯೋಗ ಹೊತ್ತ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ-ಸಿ60 ಕಂಡ ಮೇಲೆ ಸುಮ್ಮನಾದರು.

ಅದಕ್ಕೂ ಮುಂಚೆ ದುಡ್ಡು ಸುರಿದದ್ದೇ ಜಾಸ್ತಿ. 2022ರ ಅಕ್ಟೋಬರ್‌ನಲ್ಲಿ ಒನ್‌ವೆಬ್ ಉಪಗ್ರಹಗಳ ಎಲ್‌ವಿಎಂ3 ರಾಕೆಟ್ ನಡುರಾತ್ರಿ 12.07ಕ್ಕೆ ಹಾರಿತು. ಜೀಪಿಗೆ ಎರಡು ಸಾವಿರದ ಹತ್ತಿರ, ಮೈಸೂರಿನಿಂದ ಬಾಡಿಗೆಗೆ ತಂದ ಲೆನ್ಸಿಗೂ ಹೆಚ್ಚುಕಮ್ಮಿ ಅಷ್ಟೇ. ಗುಡ್ಡ ಹತ್ತಿದರೆ ಬರೀ ಮೋಡ. ಲೆನ್ಸಿನ ಮುಚ್ಚಳವನ್ನೂ ತೆಗೆಯಲಿಲ್ಲ. ಮಡಿಕೇರಿಯ ರಾಜಾಸೀಟಿಗೆ ಹೋಗು ಅಂದವರೂ ಇದ್ದರು. ಅದು ಪಶ್ಚಿಮಕ್ಕೆ ಮುಖ ಮಾಡಿದೆ ಮಾರಾಯ್ರೆ, ಸೂರ್ಯ ಮುಳುಗೋದು ನೋಡೋಕೆ ಸರಿ!

ನಮಗೆ ಬೇಕಾದ್ದು ಶ್ರೀಹರಿಕೋಟಾದ ದಿಕ್ಕು, ನೇರ ಪೂರ್ವದಿಂದ 15 ಡಿಗ್ರಿಯಷ್ಟು ಉತ್ತರಕ್ಕೆ. ತೊಂದರೆ ಏನಂದ್ರೆ ಬೆಂಗಳೂರೂ ಅದೇ ಗೆರೆಯಲ್ಲಿದೆ. ಅದರ ಬೆಳಕು ಅಲ್ಲೇ ಹರಡಿರುತ್ತೆ. ರೋಹಿಣಿ ನಕ್ಷತ್ರ ಹುಟ್ಟೋದೂ ಆ ದಿಕ್ಕಿನಲ್ಲೇ. ನವೆಂಬರ್ ಸಂಜೆಗಳಲ್ಲಿ ರೋಹಿಣಿ ಕಾದು, ತೋಟದ ಎತ್ತರದ ಸಿಲ್ವರ್ ಮರ ಅಡ್ಡ ಬಾರದ ಗುಡ್ಡ ಹುಡುಕಿದೆ. ಯಾವುದು ಅಂತ ಹೇಳಲ್ಲ, ಜನ ಮುತ್ತಿಕೊಳ್ತಾರೆ.

ಡಿಸೆಂಬರ್ 30ರ ಆ ರಾತ್ರಿ ಅಮಾವಾಸ್ಯೆ. ರಾಕೆಟ್ ಹಾರುವ ಸಮಯ 9.58ರಿಂದ 10 ಗಂಟೆಗೆ ಹೋಗಿದ್ದು ಜೊತೆಗಿದ್ದ ಹುಡುಗರಿಗೆ ಗೊತ್ತಿರಲಿಲ್ಲ. 10 ಹೊಡೆಯುವ ಮೊದಲೇ "ಬಾ ಅಣ್ಣ, ಹೋಗೋಣ" ಶುರುವಾಯಿತು. ಫೋನಿನ ಲೈವ್ ಪ್ರಸಾರ ನಂಬಬೇಡಿ, ಅದು ಅರ್ಧ ನಿಮಿಷದಷ್ಟು ಹಿಂದಿರುತ್ತೆ. ಗಡಿಯಾರ ನೋಡಿ. ಭೂಮಿ ಬಾಗಿರೋದರಿಂದ ಮೊದಲ ಒಂದು ನಿಮಿಷ ಏನೂ ಕಾಣಲ್ಲ. ಆಮೇಲೆ, ಆಗಷ್ಟೇ ಹುಟ್ಟಿದ್ದ ಮಖೆ ನಕ್ಷತ್ರದ ಎಡಕ್ಕೆ, ಬೆಂಗಳೂರಿನ ಬೆಳಕಿನೊಳಗಿಂದ ಬೀಡಿ ಕಿಡಿಯಂಥ ಕಿತ್ತಳೆ ಚುಕ್ಕಿ ಎದ್ದಿತು. ಬಾಲ ಇಲ್ಲ, ಸದ್ದಿಲ್ಲ. ಬಲಕ್ಕೆ ವಾಲುತ್ತಾ ಏರಿತು. ಏರಿದ್ದಾದರೂ ಎಷ್ಟು? ಕೈ ಚಾಚಿ ಎರಡು ಬೆರಳು ಅಡ್ಡ ಹಿಡಿದರೆ ಮುಗೀತು. ಘನ ಇಂಧನದ ಮೊದಲ ಹಂತ ಎರಡು ನಿಮಿಷದೊಳಗೆ ಉರಿದು ಮುಗಿಯುತ್ತೆ, ಚುಕ್ಕಿಯೂ ಆರಿತು. ದ್ರವ ಇಂಧನದ ಎರಡನೇ ಹಂತ ನನ್ನ ದುರ್ಬೀನಿಗೂ ಸಿಗಲಿಲ್ಲ.

ಫೋಟೋ ಸ್ವಂತ 50 ಎಂಎಂ ಲೆನ್ಸಿನಲ್ಲೇ ತೆಗೆದೆ, ಶಟರ್ ಬೇಕಾದಷ್ಟು ಹೊತ್ತು ತೆರೆದಿಡುವ ಬಲ್ಬ್ ಮೋಡ್‌ನಲ್ಲಿ. ಬೆಂಗಳೂರಿನ ಬೆಳಕನ್ನು ಹೇಗೆ ಅಡಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

2025ರ ಜನವರಿ 29ರ ಬೆಳಗ್ಗೆ 6.23ಕ್ಕೆ ಜಿಎಸ್‌ಎಲ್‌ವಿ-ಎಫ್15 ಹಾರಿದಾಗ ಸುಮ್ನೆ ಕಾಫಿ ಕಣದಿಂದಲೇ ನೋಡಿದೆ. ಖರ್ಚು ಸೊನ್ನೆ. ನಮಗಿನ್ನೂ ನಸುಕು, ಮೇಲಿನ ಹೊಗೆಗೆ ಆಗಲೇ ಬಿಸಿಲು. ಮಂಜಿನ ಮೇಲೆ ಬಿಳಿ ಗೆರೆ ಕಂಡಿತು, ಫೋನಿಗೆ ಮಾತ್ರ ಬರಲಿಲ್ಲ. ಜುಲೈ 30ರಂದು ನಿಸಾರ್ ಉಪಗ್ರಹ ಹಾರಿಸುವ ಹೊತ್ತಿಗೆ ನಮ್ಮಲ್ಲಿ ಮಳೆಗಾಲ. ಟಿವಿಯಲ್ಲೇ ನೋಡಿದೆ.