ಅನ್ಯಧರ್ಮದವರ ಶವಸಂಸ್ಕಾರ ನಮ್ಮ ಕೈಗೆ ಬಂದಾಗ

ತೀರಿಹೋದವರು ಬೇರೆ ಧರ್ಮದವರು. ಅವರ ಕಡೆಯವರು ಯಾರೂ ಇಲ್ಲ, ಇದ್ದರೂ ಬರುವುದು ತಡವಾಗುತ್ತದೆ. ಇಂಥ ಹೊತ್ತಿನಲ್ಲಿ ಮುಂದೆ ನಿಂತವರು ಮೊದಲು ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಬೇಕು. ಒಂದು, ಕೈಯಿಂದ ಆಗುವುದು: ಕಣ್ಣು ಮುಚ್ಚುವುದು, ಬಟ್ಟೆ ಹೊದಿಸುವುದು, ಹೆಗಲು ಕೊಡುವುದು, ಗುಂಡಿ ತೋಡುವುದು. ಇನ್ನೊಂದು, ಬಾಯಿಂದ ಆಗುವುದು: ಮಂತ್ರ, ನಮಾಜು, ಪ್ರಾರ್ಥನೆ. ಕೈಕೆಲಸ ಕಾಯುವುದಿಲ್ಲ. ಬಾಯಿಯ ಕೆಲಸ ಹೆಚ್ಚಿನ ಧರ್ಮಗಳಲ್ಲಿ ಕಾಯುತ್ತದೆ.

ಯಹೂದಿಗಳ ಕದ್ದೀಶ್ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಯಹೂದಿಗಳು ಕೂಡಬೇಕು, ಶವ ಎದುರಿಗಿರಬೇಕೆಂದಿಲ್ಲ. ತಂದೆತಾಯಿಗಾಗಿ ಮಕ್ಕಳು ಅದನ್ನು 11 ತಿಂಗಳು ಹೇಳುತ್ತಾರೆ. ಕ್ಯಾಥೊಲಿಕರು ಸತ್ತವರಿಗಾಗಿ ಪೂಜೆಯನ್ನು ಹೂಳಿದ ಮೇಲೂ ಅರ್ಪಿಸುತ್ತಾರೆ. ಮುಸ್ಲಿಮರು ಸತ್ತವರಿಗಾಗಿ ಮಾಡುವ ಜನಾಝಾ ನಮಾಜನ್ನು ಆಮೇಲೆ ಗೋರಿಯ ಬಳಿ ನಿಂತು ಮಾಡುವ ರೂಢಿಯಿದೆ. ಶವ ದೂರದಲ್ಲಿದ್ದರೂ ಮಾಡಬಹುದೆಂದು ಶಾಫಿ, ಹಂಬಲಿ ಪಂಥದವರು ಹೇಳುತ್ತಾರೆ, ಹನಫಿಗಳು ಒಪ್ಪುವುದಿಲ್ಲ. ಹಿಂದೂಗಳಲ್ಲಿ ಶವವೇ ಸಿಗದಿದ್ದಾಗ ದರ್ಭೆಯ ಪ್ರತಿಕೃತಿ ಮಾಡಿ ದಹಿಸುವ ವಿಧಿಯಿದೆ. ಹಾಗಾಗಿ "ಮಂತ್ರ ಹೇಳುವವರಿಲ್ಲ, ನಾವೇ ಏನಾದರೂ ಹೇಳಿಬಿಡೋಣ" ಎಂಬ ಆತುರಕ್ಕೆ ಆಧಾರವಿಲ್ಲ. ಸತ್ತವರು ಬೇಡವೆನ್ನಲಾರರು. ಅವರ ಪರವಾಗಿ ಬೇಡವೆನ್ನುವ ಎಚ್ಚರ ನಮ್ಮಲ್ಲಿರಬೇಕು.

ಯಾರ ಮಾತು ನಡೆಯಬೇಕು?

ಮೊದಲು ಸತ್ತವರದ್ದೇ. ಬರೆದಿಟ್ಟಿದ್ದರೆ ಸರಿ, ಇಲ್ಲವಾದರೆ ನಂಬುವಂಥ ಇಬ್ಬರ ಹತ್ತಿರವಾದರೂ ಹೇಳಿದ್ದಿರಬೇಕು. ಆಮೇಲೆ ಸಂಗಾತಿ, ಮಕ್ಕಳು, ಒಡಹುಟ್ಟಿದವರು. ಅವರೂ ಸಿಗದಿದ್ದರೆ ಅದೇ ಪಂಥದ ಸಮುದಾಯದವರು. ನಿಮ್ಮ ಊಹೆ ಎಲ್ಲಕ್ಕಿಂತ ಕೊನೆಯದು. ಹೆಸರು ನೋಡಿ ಧರ್ಮ ನಿರ್ಧರಿಸುವುದು ಇಲ್ಲಿ ಆಗುವ ಅತಿ ದೊಡ್ಡ ತಪ್ಪು. ಮತಾಂತರಗೊಂಡವರು ಹಳೆಯ ಹೆಸರನ್ನೇ ಉಳಿಸಿಕೊಂಡಿರುತ್ತಾರೆ. ದೇವರನ್ನೇ ಬಿಟ್ಟವರ ಹೆಸರಲ್ಲಿ ದೇವರು ಇದ್ದೇ ಇರುತ್ತಾನೆ. ತವರಿನವರು ಒಂದು ಎಂದು, ಸಂಗಾತಿ ಇನ್ನೊಂದು ಎಂದು ಜಗ್ಗಾಡುವಾಗ ಹುಟ್ಟಿದ ಧರ್ಮಕ್ಕಿಂತ ಬದುಕಿದ ಧರ್ಮಕ್ಕೆ ತೂಕ ಹೆಚ್ಚು. ಯಾವ ವಿಧಿಯೂ ಬೇಡವೆಂದವರಿಗೆ ಯಾವ ವಿಧಿಯೂ ಬೇಡ. ಐದು ನಿಮಿಷ ಮೌನವಾಗಿ ನಿಲ್ಲಿ, ಸಾಕು.

ಧರ್ಮ ಗೊತ್ತಾದರೂ ಪಂಥ ಕೇಳಿ. ಹಿಂದೂ ಎಂದ ಮಾತ್ರಕ್ಕೆ ಚಿತೆ ಸಿದ್ಧಮಾಡುವಂತಿಲ್ಲ: ಸಂನ್ಯಾಸಿಗಳಿಗೆ, ಹಸುಗೂಸುಗಳಿಗೆ ಸಾಮಾನ್ಯವಾಗಿ ದಹನವಿಲ್ಲ; ಲಿಂಗಾಯತರನ್ನು ಇಷ್ಟಲಿಂಗದ ಸಮೇತ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಕ್ರೈಸ್ತರಲ್ಲಿ ಕ್ಯಾಥೊಲಿಕ್ ಸಭೆ 1963ರಿಂದ ದಹನಕ್ಕೆ ಒಪ್ಪಿದೆ, ಆದರೆ ಬೂದಿಯನ್ನು ನೀರಿಗೋ ಗಾಳಿಗೋ ಚೆಲ್ಲಬಾರದೆಂದು 2016ರಲ್ಲಿ ಸ್ಪಷ್ಟಪಡಿಸಿತು. ಆರ್ಥೊಡಾಕ್ಸ್ ಸಭೆಗಳು ದಹನವನ್ನೇ ಒಪ್ಪುವುದಿಲ್ಲ. ಬಹಾಯಿ ಎಂಬ ಬೇರೆಯೇ ಧರ್ಮದವರು ಸುಡುವುದಿಲ್ಲ, ಸತ್ತ ಊರಿನಿಂದ ಒಂದು ಗಂಟೆಯ ಪ್ರಯಾಣಕ್ಕಿಂತ ದೂರಕ್ಕೆ ಶವ ಒಯ್ಯುವುದೂ ಇಲ್ಲ.

ಮೊದಲ ಎರಡು ಗಂಟೆ

ವೈದ್ಯರು ಸಾವನ್ನು ಖಚಿತಪಡಿಸುವ ಮೊದಲು ಏನೂ ಮಾಡಬೇಡಿ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವು ಆಗಿದ್ದರೆ ಪೊಲೀಸರು ಬರುವವರೆಗೆ ತೊಳೆಯುವುದಾಗಲಿ ಬಟ್ಟೆ ಬದಲಿಸುವುದಾಗಲಿ ಕೂಡದು. ಸಹಜ ಸಾವಾದರೆ ಎರಡು ಮೂರು ಗಂಟೆಯಲ್ಲಿ ರೆಪ್ಪೆ, ದವಡೆ, ಕತ್ತು ಬಿಗಿಯತೊಡಗುತ್ತವೆ. ಸುಮಾರು 12 ಗಂಟೆಯ ಹೊತ್ತಿಗೆ ಇಡೀ ಮೈ ಸೆಟೆದಿರುತ್ತದೆ. ಆದ್ದರಿಂದ ಮೊದಲು ರೆಪ್ಪೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಇಳಿಸಿ ಅರೆನಿಮಿಷ ಹಿಡಿದುಕೊಳ್ಳಿ. ನಿಲ್ಲದಿದ್ದರೆ ಒದ್ದೆ ಹತ್ತಿ ಇಡಿ. ನಾಲ್ಕು ಬೆರಳಗಲದ ಮೆತ್ತನೆಯ ಬಟ್ಟೆಯನ್ನು ಗಲ್ಲದಡಿಯಿಂದ ತಂದು ನೆತ್ತಿಯ ಮೇಲೆ ಸಡಿಲ ಗಂಟು ಹಾಕಿ. ಬಿಗಿಯಾಗಿ ಕಟ್ಟಿದರೆ ಕೆನ್ನೆಯ ಮೇಲೆ ಗೆರೆ ಉಳಿಯುತ್ತದೆ, ಮನೆಯವರ ಕಣ್ಣಿಗೆ ಮೊದಲು ಬೀಳುವುದು ಅದೇ. ತಲೆಯಡಿ ತೆಳು ದಿಂಬು ಇಟ್ಟು ಕಾಲು ನೇರ ಮಾಡಿ.

ಕೈಗಳನ್ನು ಪಕ್ಕಕ್ಕೆ ಬಿಡಿ. ನಮ್ಮ ಅಭ್ಯಾಸ ಅರಿವಿಲ್ಲದೆ ನುಸುಳುವುದು ಇಲ್ಲಿಯೇ: ಒಬ್ಬರು ಕೈ ಮುಗಿದಂತೆ ಜೋಡಿಸುತ್ತಾರೆ, ಇನ್ನೊಬ್ಬರು ಎದೆಯ ಮೇಲೆ ಶಿಲುಬೆಯ ಹಾಗೆ ಇಡುತ್ತಾರೆ. ಪಕ್ಕಕ್ಕೆ ಬಿಟ್ಟ ಕೈ ಯಾವ ಧರ್ಮಕ್ಕೂ ಸೇರಿದ್ದಲ್ಲ. ಆಮೇಲೆ ಅವರವರು ಬೇಕಾದ ಹಾಗೆ ಸರಿಪಡಿಸಿಕೊಳ್ಳುತ್ತಾರೆ. ತಲೆಯ ಬಳಿ ದೀಪ, ಬಾಯಿಗೆ ತುಳಸಿ ನೀರು, ಹಣೆಗೆ ವಿಭೂತಿ, ಕತ್ತಿಗೆ ಜಪಮಾಲೆ ಯಾವುದೂ ಅವರ ರೂಢಿ ತಿಳಿಯದೆ ಬೇಡ. ಮೈಮೇಲಿರುವುದನ್ನು ತೆಗೆಯುವುದೂ ಬೇಡ. ಸಿಖ್ಖರ ಕಡಗ, ಕಿರ್ಪಾನ್, ಬಾಚಣಿಗೆ ಸೇರಿ ಐದು ಧರ್ಮಚಿಹ್ನೆಗಳೂ ಅವರ ಜೊತೆಗೇ ಹೋಗಬೇಕು. ಕೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲ. ಜನಿವಾರ, ಲಿಂಗ, ತಾಳಿ ಬಿಚ್ಚುವುದು ಅವರ ಮನೆಯವರಿಗೆ ಸೇರಿದ ತೀರ್ಮಾನ. ಕಳವಿನ ಭಯವಿದ್ದರೆ ಇಬ್ಬರು ಸಾಕ್ಷಿಗಳೆದುರು ಪಟ್ಟಿ ಬರೆದಿಡಿ.

ಮೈ ತೊಳೆಯುವ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮುಸ್ಲಿಮರ ಘುಸ್ಲ್, ಯಹೂದಿಗಳ ತಹಾರಾ ಬರಿಯ ಶುಚಿತ್ವವಲ್ಲ, ಸ್ವತಃ ಸಂಸ್ಕಾರ. ಘುಸ್ಲ್‌ನಲ್ಲಿ ಬೆಸ ಸಂಖ್ಯೆಯ ಸಲ ತೊಳೆದು ಕೊನೆಯ ನೀರಿಗೆ ಕರ್ಪೂರ ಸೇರಿಸುತ್ತಾರೆ. ಗಂಡಸನ್ನು ಗಂಡಸರು, ಹೆಂಗಸನ್ನು ಹೆಂಗಸರು ತೊಳೆಯುತ್ತಾರೆ. ಅವರವರು ಬರುವಂತಿದ್ದರೆ ಹೊಲಸಾದ ಕಡೆ ಮಾತ್ರ ಒರೆಸಿ ಬಿಳಿ ಬಟ್ಟೆ ಹೊದಿಸಿ. ಯಹೂದಿಯ ಮೈಮೇಲೆ ಸಾವಿನ ಗಾಯದ ರಕ್ತವಿದ್ದರೆ ತೊಳೆಯಬೇಡಿ, ಆ ರಕ್ತವೂ ಅವರೊಡನೆ ಮಣ್ಣಾಗಬೇಕು. ಕೆಲವು ಬೌದ್ಧ ಪರಂಪರೆಗಳಲ್ಲಿ ಹಲವು ಗಂಟೆ ಶವವನ್ನು ಮುಟ್ಟುವುದೇ ಇಲ್ಲ. ಪಾರ್ಸಿಗಳಲ್ಲಿ ಸ್ನಾನದ ವಿಧಿ ಮುಗಿದ ಮೇಲೆ ಹೊರಗಿನವರು ಮುಖ ನೋಡುವಂತಿಲ್ಲ. ಇಂಥಲ್ಲಿ ದೂರ ನಿಲ್ಲುವುದೂ ಸೇವೆಯೇ.

ಯಾರೂ ಬಾರದಿದ್ದರೆ

ಸಂಶಯವಿದ್ದಾಗ ಹೂಳಿ, ಸುಡಬೇಡಿ. ಹೂತದ್ದನ್ನು ಮುಂದೆ ಕಾನೂನಿನ ಒಪ್ಪಿಗೆ ಪಡೆದು ತೆಗೆಯಬಹುದು, ಸುಟ್ಟದ್ದನ್ನು ಮರಳಿ ತರಲಾಗದು. 1949ರ ಮೂರನೇ ಜಿನೀವಾ ಒಪ್ಪಂದದ 120ನೇ ವಿಧಿಯೂ ಇದೇ ದಾರಿಯದು: ಸತ್ತ ಯುದ್ಧಕೈದಿಗಳನ್ನು ಸಾಧ್ಯವಾದರೆ ಅವರ ಧರ್ಮದ ವಿಧಿಯಂತೆ ಗೌರವದಿಂದ ಹೂಳಬೇಕು, ದಹನ ಮಾಡಬೇಕಾದರೆ ಆರೋಗ್ಯದ ಅನಿವಾರ್ಯತೆ, ಸತ್ತವರ ಧರ್ಮ ಅಥವಾ ಅವರೇ ಹೇಳಿದ ಇಚ್ಛೆ ಕಾರಣವಾಗಿರಬೇಕು. ವೈರಿಗೇ ಇಷ್ಟು ಸಲ್ಲಬೇಕಾದರೆ ನೆರೆಯವರಿಗೆ ಇದಕ್ಕಿಂತ ಕಡಿಮೆ ಸಲ್ಲಬಾರದು.

ಮುಸ್ಲಿಮರಾಗಿದ್ದರೆ ಹೊಲಿಗೆಯಿಲ್ಲದ ಬಿಳಿ ಬಟ್ಟೆ, ಗಂಡಸಿಗೆ ಮೂರು, ಹೆಂಗಸಿಗೆ ಐದು ತುಂಡು. ಗುಂಡಿಯಲ್ಲಿ ಬಲ ಮಗ್ಗುಲಿಗೆ, ಮುಖ ಮಕ್ಕಾದ ಕಾಬಾದ ಕಡೆ. ದಿಕ್ಕನ್ನು ಊಹಿಸಬೇಡಿ, ಫೋನಿನ ದಿಕ್ಸೂಚಿಯಲ್ಲಿ ನೋಡಿ. ಮಣ್ಣು ಮುಚ್ಚಿದ ಮೇಲೆ ತಪ್ಪು ತಿದ್ದುವುದು ಕಷ್ಟ. ನಮಾಜಿನ ನಾಲ್ಕು ತಕ್ಬೀರ್ ("ಅಲ್ಲಾಹು ಅಕ್ಬರ್" ಎಂಬ ಘೋಷ) ಬಲ್ಲವರು ಬಂದು ಹೇಳಲಿ.

ಏನಾದರೂ ಓದಲೇಬೇಕೆಂದಾಗ ಅವರ ಗ್ರಂಥದಿಂದಲೇ ಓದಿ, ಓದುಗರಾಗಿ ಓದಿ, ಪುರೋಹಿತರಾಗಿ ಅಲ್ಲ. ಹೀಗೆ ಶುರುಮಾಡಬಹುದು: "ಇವರ ಬಳಗದವರು ಇಲ್ಲಿಲ್ಲ. ಅವರು ಬಂದು ವಿಧಿ ನಡೆಸುವವರೆಗೆ ಇವರು ನಂಬಿದ್ದ ಮಾತನ್ನು ನಾವು ಓದುತ್ತಿದ್ದೇವೆ." ಪೌರೋಹಿತ್ಯದ ಉಡುಪು, ಆಶೀರ್ವಾದದ ಕೈ, "ನಮ್ಮಂತೆ ನಂಬಿದವರು" ಎಂಬ ಮಾತು ಬೇಡ. ಅನ್ಯದೇವರ ಹೆಸರು ಹೇಳಲು ನಿಮ್ಮ ಮನಸ್ಸು ಒಪ್ಪದಿದ್ದರೆ ಮೊದಲೇ ಹೇಳಿ ಬೇರೆಯವರಿಗೆ ಬಿಡಿ. ನಡುವೆ ತಡವರಿಸಿ ನಿಲ್ಲುವುದು ಸತ್ತವರಿಗೆ ಮಾಡುವ ಅಗೌರವ.

ನಮ್ಮ ವಿಧಿ ಅವರಿಗೆ ಬೇಕೆ?

ನಿಮ್ಮ ದೇವರೆದುರು ಮನಸ್ಸಿನಲ್ಲೇ ಅವರಿಗೆ ಒಳ್ಳೆಯದನ್ನು ಬೇಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸತ್ತವರ ಹೆಸರನ್ನು ನಿಮ್ಮ ಪಟ್ಟಿಗೆ ಸೇರಿಸುವ ವಿಧಿ ಬೇರೆ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಚರ್ಚ್ 1840ರಿಂದ ಸತ್ತವರ ಪರವಾಗಿ ಬದುಕಿರುವವರಿಗೆ ದೀಕ್ಷಾಸ್ನಾನ ಕೊಡುತ್ತ ಬಂದಿದೆ. ಸತ್ತವರ ಆತ್ಮ ಅದನ್ನು ಒಪ್ಪಬಹುದು, ಬಿಡಬಹುದು ಎಂಬುದು ಅವರ ನಂಬಿಕೆ. ನಾಜಿಗಳು ಕೊಂದ ಯಹೂದಿಗಳ ಹೆಸರುಗಳೂ ಅದರಲ್ಲಿ ಸೇರಿದಾಗ ಬದುಕುಳಿದವರು ತಡೆಯಲಾರದೆ ನೊಂದರು. ಯಹೂದಿಗಳೆಂಬ ಕಾರಣಕ್ಕೇ ಸತ್ತವರಿಂದ ಆ ಗುರುತನ್ನೂ ಕಿತ್ತುಕೊಂಡಂತಾಯಿತು ಎಂದರು. 1995ರಲ್ಲಿ ಒಪ್ಪಂದವಾಯಿತು: ಹಾಗೆ ಸತ್ತ ಯಹೂದಿಗಳಲ್ಲಿ ಸ್ವಂತ ಪೂರ್ವಜರಲ್ಲದವರ ಹೆಸರು ಕೂಡದು. ಆಮೇಲೂ ಹೆಸರುಗಳು ನುಸುಳಿ 2012ರಲ್ಲಿ ಮತ್ತೆ ಎಚ್ಚರಿಕೆ ಕೊಡಬೇಕಾಯಿತು. ಮಾಡುವವರ ಮನಸ್ಸು ಒಳ್ಳೆಯದಿದ್ದರೆ ಸಾಲದು ಎನ್ನಲು ಇಷ್ಟು ಸಾಕು.

ಇದಕ್ಕೆ ಎದುರಾಗಿ, ತರ್ಪಣದ ಕೊನೆಯಲ್ಲಿ ತಾಯಿ, ತಂದೆ, ಬಂಧು ಯಾರೂ ಇಲ್ಲದವರೆಲ್ಲ ಈ ದರ್ಭೆಯ ನೀರಿನಿಂದ ತೃಪ್ತರಾಗಲಿ ಎಂಬ ಮಾತಿದೆ. ಅಲ್ಲಿ ಯಾರನ್ನೂ ಹೆಸರಿಸುವುದಿಲ್ಲ, ಗೋತ್ರಕ್ಕೆ ಸೇರಿಸುವುದಿಲ್ಲ. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿ ಮುಹಮ್ಮದರು ಎದ್ದು ನಿಂತು, "ಅದೂ ಒಂದು ಜೀವವಲ್ಲವೆ?" ಎಂದರೆಂದು ಹದೀಸಿನಲ್ಲಿದೆ. ಎದ್ದು ನಿಂತರು, ಅಷ್ಟೆ. ನಿಮ್ಮ ವಿಧಿ ಸರಿಯೇ ಎಂಬ ಅನುಮಾನ ಬಂದಾಗ ಕೇಳಿಕೊಳ್ಳಿ: ಇದನ್ನು ಅವರ ತಾಯಿಯ ಎದುರು ನಿಂತು ಮಾಡಬಲ್ಲೆನೆ?

ಹೆಗಲು ಕೊಟ್ಟ ಫೋಟೋವನ್ನು ಸೌಹಾರ್ದದ ಹೆಸರಲ್ಲಿ ಹಂಚಬೇಡಿ. ಆ ಮುಖ, ಆ ದುಃಖ ನಿಮ್ಮದಲ್ಲ. ಬದಲಿಗೆ ಒಂದು ಹಾಳೆಯಲ್ಲಿ ಬರೆದಿಡಿ: ಸಾವಿನ ಹೊತ್ತು, ಯಾರು ತೊಳೆದರು, ಯಾವ ಬಟ್ಟೆ, ಮೈಮೇಲೆ ಏನೇನಿತ್ತು, ತಲೆ ಯಾವ ದಿಕ್ಕಿಗೆ, ಗುಂಡಿಯ ಗುರುತು, ಏನು ಓದಿದಿರಿ, ಏನು ಬಿಟ್ಟಿರಿ. ಮನೆಯವರು ಬಂದ ದಿನ ಆ ಹಾಳೆಯನ್ನು ಕೈಗೆ ಕೊಡಿ. ತಪ್ಪಾಗಿದ್ದರೆ ತಪ್ಪಾಗಿದೆ ಎಂದೇ ಬರೆಯಿರಿ. ಅವರು ಎಲ್ಲವನ್ನೂ ಮೊದಲಿನಿಂದ ಮಾಡುತ್ತೇವೆಂದರೆ "ನಾವು ಮಾಡಿದ್ದು ಸಾಲದೆ" ಎನ್ನದೆ, ಜಾಗ ತೋರಿಸಿ ಹಿಂದಕ್ಕೆ ಸರಿದು ನಿಲ್ಲಿ.