ಏಜೆಂಟ್ ಸುಮ್ಮಸುಮ್ಮನೆ ಡೇಟಾಬೇಸ್ ರೀಸ್ಟಾರ್ಟ್ ಮಾಡುತ್ತಿದ್ದುದನ್ನು ಸರಿಪಡಿಸಿದ ಬಗೆ

ಬದಿಯಡ್ಕದ ಮನೆಯಿಂದಲೇ ದೂರದ ಮೂರು ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ನಾನು ಅಡಿಕೆ ತೋಟಕ್ಕೆ ಇಳಿದ ಹೊತ್ತಿಗೆ ಕಾವಲಿರಲಿ ಎಂದು ಮನೆಯ ಕಂಪ್ಯೂಟರಿನಲ್ಲಿ ಒಂದು ಎಐ ಏಜೆಂಟ್ (ತಾನೇ ನೋಡಿ, ತೀರ್ಮಾನಿಸಿ ಕೆಲಸ ಮಾಡುವ ಎಐ ಪ್ರೋಗ್ರಾಮ್) ಇಟ್ಟೆ. ಎರಡು ವಾರದಲ್ಲಿ ನಾಲ್ಕು ಸಲ "ಮೆಮೊರಿ ಮುಗಿದಿದೆ" ಎಂದು ಅದು ಡೇಟಾಬೇಸನ್ನು ರೀಸ್ಟಾರ್ಟ್ ಮಾಡಿತು. ಮೆಮೊರಿ ಮುಗಿದಿರಲೇ ಇಲ್ಲ.

ಏಜೆಂಟಿನ ಹಿಂದಿರುವ ಎಐ ಮಾಡೆಲ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ತಪ್ಪಿದ್ದದ್ದು ಟೂಲ್ (ಸರ್ವರಿನ ಸ್ಥಿತಿ ನೋಡಲು ಏಜೆಂಟ್ ಬಳಸುವ ಸಣ್ಣ ಪ್ರೋಗ್ರಾಮ್) ಏನು ಮಾಡುತ್ತದೆ ಎಂದು ಏಜೆಂಟಿಗಾಗಿ ನಾನು ಬರೆದ ವಿವರಣೆಯಲ್ಲಿ: "ಮೆಮೊರಿ ತೋರಿಸುತ್ತದೆ", ಇಷ್ಟೇ. ಲಿನಕ್ಸ್ ಖಾಲಿ ಮೆಮೊರಿಯನ್ನು ಫೈಲ್ ಕ್ಯಾಶ್‌ಗೆ (ಓದಿದ ಫೈಲುಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಮೆಮೊರಿ ವರದಿಯ 'ಫ್ರೀ' ಅಂಕಣದ ಸಂಖ್ಯೆ ಚಿಕ್ಕದಿರುವುದು ಸಹಜ. ನೋಡಬೇಕಾದ್ದು 'ಅವೈಲೆಬಲ್' ಅಂಕಣ. ನಮಗೆ ರೂಢಿಯಿಂದ ಗೊತ್ತಿರುವ ಈ ಮಾತನ್ನು ನಾನು ಬರೆದೇ ಇರಲಿಲ್ಲ.

ಹೊಸದಾಗಿ ಕೆಲಸಕ್ಕೆ ಬಂದವನಿಗೆ ಹೇಳುವ ಹಾಗೆ ಎಲ್ಲವನ್ನೂ ತಿದ್ದಿ ಬರೆದೆ. ಪ್ರತಿ ಸಂಖ್ಯೆಗೂ ಅದರ ಮಾನ (ಯೂನಿಟ್) ಸೇರಿಸಿದೆ. ಲೋಡ್ ಆವರೇಜ್‌ನ (ಸರ್ವರಿನ ಮೇಲಿರುವ ಕೆಲಸದ ಸರಾಸರಿ ಹೊರೆ) ಮೂರು ಅಂಕಿಗಳು ಕಳೆದ 1, 5, 15 ನಿಮಿಷದವು; 4 ಎಂಬುದು ಪ್ರೊಸೆಸರಿನ ಒಂದೇ ಕೋರ್‌ಗೆ ಭಾರ, 8 ಕೋರ್‌ಗೆ ಹಗುರ. ಅದಕ್ಕೇ ಟೂಲ್ ಈಗ ಕೋರ್‌ಗಳ ಸಂಖ್ಯೆಯನ್ನೂ ಜೊತೆಗೇ ಕೊಡುತ್ತದೆ. ಡಿಸ್ಕಿನಲ್ಲಿ ಜಾಗವಿದ್ದರೂ ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಮುಗಿದರೆ ಹೊಸ ಫೈಲ್ ಹುಟ್ಟದು, ಅದನ್ನೂ ಸೇರಿಸಿದೆ. ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್ ಆಗುವ ಸಂಪರ್ಕ) ಉತ್ತರ ಬಾರದೆ ಟೈಮ್‌ಔಟ್ ಆದರೆ "ಸರ್ವರ್ ನಿಂತಿದೆ" ಎನ್ನಬಾರದು, "ತಲುಪಲಾಗಲಿಲ್ಲ" ಎನ್ನಬೇಕು. ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಮಳೆಗೆ ಇಂಟರ್ನೆಟ್ ಹೋಗುವ ನಮ್ಮೂರಲ್ಲಿ ಇದು ಬಹಳ ಮುಖ್ಯ.

ರೀಸ್ಟಾರ್ಟನ್ನು ಮಾತ್ರ ಬರೀ ವಿವರಣೆಯ ಭರವಸೆಗೆ ಬಿಡಲಿಲ್ಲ. ಏಜೆಂಟಿನ ಖಾತೆಗೆ ಈಗ ಓದುವ ಅನುಮತಿಯಷ್ಟೇ ಇದೆ. ರೀಸ್ಟಾರ್ಟ್ ಬೇಕೆನಿಸಿದರೆ ನನ್ನ ಫೋನಿಗೆ ಕೇಳುತ್ತದೆ. ಆಟಿ ಕಳೆದು ಮುಂದಿನ ತಿಂಗಳು ಸೋಣ ಬಂತು, ಡೇಟಾಬೇಸ್ ಒಮ್ಮೆಯೂ ನಿಂತಿಲ್ಲ.